ಹೂಳೆತ್ತಿದವರ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲುಕಂಬ ನಿಂತಿದೆ. ಕನ್ನಡನಾಡಿನ ಚರಿತ್ರೆ ಓದಿದ ಎಲ್ಲರಿಗೂ ಅದರ ಹೆಸರು ಗೊತ್ತು. ಓದಲೆಂದು ಕಂಚಿಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದು ಕದಂಬ ರಾಜ್ಯ ಕಟ್ಟಿದ ಕಥೆ ನಮಗೆ ಸಿಕ್ಕಿರುವುದು ಈ ಕಂಬದಿಂದಲೇ. ಶಾಲೆಯ ಪಠ್ಯದಿಂದ ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿನವರೆಗೆ ತಾಳಗುಂದ ಎಂದರೆ ಮಯೂರಶರ್ಮ. ಆದರೆ ಕುಬ್ಜನೆಂಬ ಕವಿ ಇಷ್ಟೆಲ್ಲ ಬರೆದದ್ದು ರಾಜವಂಶದ ಕಥೆ ಹೇಳಬೇಕೆಂದಲ್ಲ. ಅಲ್ಲಿನ ಶಿವಾಲಯಕ್ಕಾಗಿ ಕಾಕುಸ್ಥವರ್ಮ ಒಂದು ಕೆರೆ ಮಾಡಿಸಿದ್ದ. ಆ ಕೆರೆಯ ನೆನಪಿಗೆ ಶಾಂತಿವರ್ಮನ ಕಾಲದಲ್ಲಿ ಬರೆದ ಶಾಸನ ಅದು. ವಂಶದ ಕಥೆ ಅದಕ್ಕೆ ಪೀಠಿಕೆ, ಅಷ್ಟೆ. ನಾವು ಪೀಠಿಕೆಯನ್ನು ಇಟ್ಟುಕೊಂಡು ಕೆರೆಯನ್ನು ಬಿಟ್ಟೆವು.

ನನ್ನ ಪಿಎಚ್‌.ಡಿ. ಅಧ್ಯಯನದ ವಿಷಯ ಕೆರೆಗಳು. ಕೆರೆ ಕಟ್ಟಿಸಿದ ರಾಜರು ಮತ್ತು ದಂಡನಾಯಕರ ಬಗ್ಗೆ ಬೇಕಾದಷ್ಟು ಬರಹಗಳಿವೆ. ಕಟ್ಟಿದ ಮೇಲೆ ಕೆರೆ ಹೇಗೆ ಉಳಿಯಿತು, ಯಾರು ಉಳಿಸಿದರು ಎಂಬುದು ನನ್ನ ಪ್ರಶ್ನೆ. ಐದು ವರ್ಷದಿಂದ ಇದೇ ಕೆಲಸದಲ್ಲಿರುವ ನನಗೆ ಮದುವೆ ಮನೆಗಳಲ್ಲಿ, ಬಸ್‌ಸ್ಟ್ಯಾಂಡುಗಳಲ್ಲಿ, ಹಾಸ್ಟೆಲ್ ಮೆಸ್ಸಿನಲ್ಲಿ ಎದುರಾಗುವುದು ಒಂದೇ ಪ್ರಶ್ನೆ: 'ಥೀಸಿಸ್ ಯಾವಾಗ ಮುಗಿಯುತ್ತೆ?' ಅದಕ್ಕೆ ಸಮಾಧಾನವೆಂಬಂತೆ ಗೆಳೆಯರು ಕೊಡುವ ಬುದ್ಧಿಮಾತೂ ಒಂದೇ: ಫಲಿತಾಂಶ ಬಿಡು, ಪ್ರಕ್ರಿಯೆಯ ಮೇಲೆ ಗಮನ ಇಡು. ಈ ಮಾತು ಈಗ ಎಲ್ಲೆಲ್ಲೂ ಇದೆ. ಪಂದ್ಯ ಸೋತ ಕ್ರಿಕೆಟ್ ನಾಯಕ ಹೇಳುತ್ತಾನೆ, ಕೋಚಿಂಗ್ ಸೆಂಟರಿನ ಗೋಡೆ ಹೇಳುತ್ತದೆ, ಬೆಳಗಿನ ವಾಟ್ಸಾಪ್ ಸಂದೇಶ ಹೇಳುತ್ತದೆ. ಮಾತೇನೂ ಸುಳ್ಳಲ್ಲ. ಆದರೆ ಕೆರೆಯ ಶಾಸನಗಳನ್ನು ಓದುತ್ತ ಹೋದಂತೆ ಈ ಮಾತಿನಲ್ಲಿ ಏನೋ ಒಂದು ಬಿಟ್ಟುಹೋಗಿದೆ ಅನ್ನಿಸತೊಡಗಿತು. ಬಿಟ್ಟುಹೋಗಿರುವುದು ಏನು ಎಂದು ಹೇಳುವುದಕ್ಕೇ ಈ ಬರಹ.

ಮೊದಲು ಕೆರೆ ಎಂದರೇನು ನೋಡೋಣ. ಬಯಲುಸೀಮೆಯ ಕೆರೆ ಬಾವಿಯ ಹಾಗೆ ತೋಡಿದ್ದಲ್ಲ. ಇಳಿಜಾರಿನಲ್ಲಿ ಮಳೆನೀರು ಹರಿದುಹೋಗುವ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕುತ್ತಾರೆ. ಏರಿಯ ಒಳಮೈಗೆ ಅಲೆ ಬಡಿಯದಂತೆ ಕಲ್ಲು ಹೊದಿಸುತ್ತಾರೆ. ಗದ್ದೆಗೆ ನೀರು ಬಿಡಲು ತೂಬು, ಹೆಚ್ಚಾದ ನೀರು ಹೊರಹೋಗಲು ಕೋಡಿ, ಏರಿಯ ಕೆಳಗೆ ಅಚ್ಚುಕಟ್ಟು. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದು ಮತ್ತೊಂದಕ್ಕೆ. ಕೋಲಾರದ ಕಡೆ ಇಂಥ ಸರಪಳಿಗಳು ಮೈಲಿಗಟ್ಟಲೆ ಸಾಗುತ್ತವೆ. ಮೇಲಿನ ಕೆರೆ ಒಡೆದರೆ ಕೆಳಗಿನವೂ ಒಡೆಯುವ ಭಯ ಇದ್ದೇ ಇರುತ್ತದೆ.

ಈ ಕೆರೆಗೆ ಹುಟ್ಟಿದ ದಿನವೇ ಒಂದು ರೋಗ ಅಂಟಿಕೊಳ್ಳುತ್ತದೆ. ಹರಿದುಬರುವ ನೀರು ಬರಿಗೈಯಲ್ಲಿ ಬರುವುದಿಲ್ಲ, ಮಣ್ಣು ಹೊತ್ತು ತರುತ್ತದೆ. ಕೆರೆಯೊಳಗೆ ನೀರಿನ ಓಟ ನಿಂತೊಡನೆ ದಪ್ಪ ಮರಳು ಒಳಹರಿವಿನ ಬಾಯಲ್ಲೇ ಕೂರುತ್ತದೆ, ನುಣ್ಣನೆಯ ಜೇಡಿ ಏರಿಯವರೆಗೆ ತೇಲಿಬಂದು ತಳ ಸೇರುತ್ತದೆ. ಮೊದಲ ಮಳೆಗೇ ಹೂಳು ಶುರು. ಕೆರೆಯನ್ನು ತುಂಬಿಸುವ ನೀರೇ ಕೆರೆಯನ್ನು ಮುಚ್ಚುವ ಮಣ್ಣನ್ನೂ ತರುತ್ತದೆ. ಇತ್ತ ಇಲಿ, ಏಡಿ, ಗೆದ್ದಲು ಏರಿಯನ್ನು ಕೊರೆಯುತ್ತವೆ. ಏರಿಯ ಮೇಲೆ ಬೆಳೆದ ಗಿಡದ ಬೇರು ಸತ್ತು ಕೊಳೆತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಹಾಗಾಗಿ ಕೆರೆ 'ಮುಗಿಯಿತು' ಎನ್ನುವ ದಿನವೇ ಇಲ್ಲ. ಕಟ್ಟುವುದು ಒಂದು ಘಟನೆ, ಅದಕ್ಕೆ ತಾರೀಕು ಕೊಡಬಹುದು. ಕೆರೆ ಕೆರೆಯಾಗಿ ಇರುವುದು ದಿನದಿನದ ಕೆಲಸ. ಅದಕ್ಕೆ ತಾರೀಕು ಇರುವುದಿಲ್ಲ.

ಇದು ನಮ್ಮ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಸಾಕ್ಷಿ ಶಾಸನಗಳೇ. 1886ರಿಂದ ಎರಡು ದಶಕ ಕಾಲ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಸಾವಿರಾರು ಶಾಸನಗಳಿವೆ. ಅವುಗಳಲ್ಲಿ ಕೆರೆಯ ಮಾತು ಮತ್ತೆ ಮತ್ತೆ ಬರುತ್ತದೆ. ಜೊತೆಗೆ ಕೆಲವು ಪಾರಿಭಾಷಿಕ ಪದಗಳೂ ಬರುತ್ತವೆ: ಬಿತ್ತುವಟ್ಟ, ದಸವಂದ, ಕೆರೆಗೊಡಗೆ, ಕಟ್ಟುಗೊಡಗೆ. ಕೆರೆ ಕಟ್ಟಿದವನಿಗೆ, ಕೆಟ್ಟದ್ದನ್ನು ಸರಿಮಾಡಿದವನಿಗೆ, ಮುಂದೆ ನೋಡಿಕೊಳ್ಳುವವನಿಗೆ ಇಷ್ಟು ಭೂಮಿ, ಬೆಳೆಯಲ್ಲಿ ಇಷ್ಟು ಪಾಲು ಎಂದು ಹೇಳುವ ಪದಗಳಿವು. ದಸವಂದ ಎಂದರೆ ಹೆಸರೇ ಹೇಳುವಂತೆ ಹತ್ತರಲ್ಲೊಂದು ಪಾಲು. ಪ್ರಾಂತದಿಂದ ಪ್ರಾಂತಕ್ಕೆ, ಕಾಲದಿಂದ ಕಾಲಕ್ಕೆ ಈ ಪದಗಳ ಅರ್ಥ ಕೊಂಚ ಕೊಂಚ ಬದಲಾಗುತ್ತದೆ. ಒಳಗಿನ ತರ್ಕ ಮಾತ್ರ ಒಂದೇ. ಕೆರೆ ಬೆಳೆಸಿದ್ದರಲ್ಲಿ ಒಂದು ಪಾಲನ್ನು ಕೆರೆಗೇ ವಾಪಸು ಕೊಡಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಬಂಡಿಯ ದತ್ತಿಗಳು. ಕೆರೆಯ ಹೂಳು ಹೊರಲು ಬಂಡಿ, ಬಂಡಿ ಎಳೆಯಲು ಕೋಣ, ಬಂಡಿ ಹೊಡೆಯುವವನಿಗೆ ಮತ್ತು ಅಗೆಯುವವರಿಗೆ ಕೂಲಿ, ಇವಕ್ಕಾಗಿ ಭೂಮಿ ಬಿಟ್ಟ ಶಾಸನಗಳಿವೆ. ಸ್ವಲ್ಪ ಯೋಚಿಸಿ ನೋಡಿ. ಕಲ್ಲಿನಲ್ಲಿ ಒಂದೊಂದು ಅಕ್ಷರ ಕೊರೆಯಲೂ ಎಷ್ಟು ಹೊತ್ತು, ಎಷ್ಟು ಖರ್ಚು! ಅಂಥ ಕಲ್ಲಿನ ಮೇಲೆ, ಸೂರ್ಯಚಂದ್ರರಿರುವ ತನಕ ನಡೆಯಲಿ ಎಂಬ ಗಂಭೀರ ಮಾತಿನ ಪಕ್ಕದಲ್ಲಿ, ಮಣ್ಣು ಹೊರುವ ಬಂಡಿಯ ಲೆಕ್ಕ. ರಾಜನ ಬಿರುದುಗಳಷ್ಟೇ ಗಟ್ಟಿಯಾಗಿ ಕೋಣದ ಮೇವಿನ ವ್ಯವಸ್ಥೆಯೂ ಉಳಿದುಕೊಂಡಿದೆ. ಈ ಬಂಡಿ ಯಾವತ್ತೂ ಒಂದು 'ಫಲಿತಾಂಶ'ಕ್ಕೆ ತಲುಪುವುದಿಲ್ಲ. ಈ ಬೇಸಿಗೆ ಹೊತ್ತು ಹಾಕಿದ ಜಾಗಕ್ಕೆ ಮುಂದಿನ ಮಳೆಗಾಲ ಮತ್ತೆ ಮಣ್ಣು ತಂದು ಸುರಿಯುತ್ತದೆ. ಗೆಲ್ಲಲಾಗದ ಆಟ ಇದು, ಆಡುತ್ತಲೇ ಇರಬೇಕು. ಇದು ಗೊತ್ತಿದ್ದವರು ಬಂಡಿಯವನಿಗೆ ಉಪದೇಶ ಕೊಡಲಿಲ್ಲ, ಹೊಲ ಕೊಟ್ಟರು.

ಇಂಥ ತಿಳಿವಳಿಕೆ ಕನ್ನಡನಾಡಿನದಷ್ಟೇ ಅಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಒಂದನೇ ಪರಾಂತಕ ಚೋಳನ ಕಾಲದ, 10ನೇ ಶತಮಾನದ ಆರಂಭದ ಶಾಸನಗಳಿವೆ. ಚೀಟಿ ಎತ್ತಿ ಸದಸ್ಯರನ್ನು ಆರಿಸುವ ವಿವರ ಇರುವುದರಿಂದ ಅವನ್ನು ಪ್ರಜಾಪ್ರಭುತ್ವದ ಪುರಾವೆಯೆಂದು ಪದೇ ಪದೇ ಎತ್ತಿ ಹೇಳುತ್ತೇವೆ. ಆ ಸಭೆಯ ಸಮಿತಿಗಳಲ್ಲಿ ಒಂದು ಕೆರೆಯ ಸಮಿತಿ, ಏರಿ ವಾರಿಯಂ. ಅವಧಿ 360 ದಿನ. ವರ್ಷ ತಿರುಗಿದರೆ ಮತ್ತೆ ಚೀಟಿ, ಮತ್ತೆ ಹೊಸ ಸಮಿತಿ. ಮಳೆ ಹೇಗೆ ವರ್ಷ ವರ್ಷ ಬರುತ್ತದೋ ಹಾಗೆ ಹೊಣೆಯೂ ವರ್ಷ ವರ್ಷ ಬರಬೇಕು. ಆಸ್ತಿ, ವಿದ್ಯೆ, ವಯಸ್ಸಿನ ಕಟ್ಟಳೆಗಳಿದ್ದ ಬ್ರಾಹ್ಮಣ ಸಭೆ ಅದು, ಅಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಹಾಗಿದ್ದೂ ಕೆರೆಯನ್ನು ಒಂದು ವಸ್ತುವೆಂದಲ್ಲ, ಪ್ರತಿ ವರ್ಷದ ಕೆಲಸವೆಂದು ಕಂಡ ಕಣ್ಣು ಅಲ್ಲಿದೆ.

ಇನ್ನೂ ಹಿಂದಕ್ಕೆ ಹೋದರೆ ಗುಜರಾತಿನ ಗಿರಿನಾರ್ ಬೆಟ್ಟದ ಬಳಿ, ಜುನಾಗಢದಲ್ಲಿ ಒಂದು ಬಂಡೆ ಸಿಗುತ್ತದೆ. ಅದರ ಮೇಲೆ ಅಶೋಕನ ಶಾಸನಗಳಿವೆ, ಕ್ರಿ.ಶ. 150ರ ಸುಮಾರಿನ ರುದ್ರದಾಮನದಿದೆ, ಗುಪ್ತರ ಸ್ಕಂದಗುಪ್ತನದೂ ಇದೆ. ಕೊನೆಯ ಎರಡರ ವಿಷಯ ಸುದರ್ಶನವೆಂಬ ಒಂದೇ ಕೆರೆ. ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತ ಅದನ್ನು ಕಟ್ಟಿಸಿದ. ಅಶೋಕನ ಕಾಲದಲ್ಲಿ ತುಷಾಸ್ಫನೆಂಬ ಯವನ ಕಾಲುವೆಗಳನ್ನು ಮಾಡಿಸಿದ. ರುದ್ರದಾಮನ ಕಾಲದಲ್ಲಿ ಬಿರುಗಾಳಿ ಮಳೆಗೆ ಕಟ್ಟೆ ಒಡೆಯಿತು. ಒಡಕು ಎಷ್ಟು ದೊಡ್ಡದಿತ್ತೆಂದರೆ ಮಂತ್ರಿಗಳೇ ಇದು ಆಗದ ಕೆಲಸವೆಂದು ಕೈಚೆಲ್ಲಿದರು. ಜನ ಗೋಳಾಡಿದರು. ಆಗ ಸುವಿಶಾಖನೆಂಬ ಅಧಿಕಾರಿ ನಿಂತು ಕಟ್ಟೆಯನ್ನು ಮತ್ತೆ ಕಟ್ಟಿಸಿದ. ಸ್ಕಂದಗುಪ್ತನ ಕಾಲದಲ್ಲಿ ಮತ್ತೆ ಒಡೆಯಿತು, ಈ ಸಲ ಚಕ್ರಪಾಲಿತ ಸರಿಪಡಿಸಿದ.

ಈ ಬಂಡೆಯಲ್ಲಿ ಒಂದು ಸೂಕ್ಷ್ಮವಿದೆ. ಕೆರೆ ಕಟ್ಟಿದ ಪುಷ್ಯಗುಪ್ತನ ಹೆಸರು ನಮಗೆ ಗೊತ್ತಾಗಿದ್ದು, ಸುಮಾರು ನಾಲ್ಕೂವರೆ ಶತಮಾನದ ಮೇಲೆ ಅದನ್ನು ದುರಸ್ತಿ ಮಾಡಿದವರು ಬರೆದಿಟ್ಟದ್ದರಿಂದ. ದುರಸ್ತಿ ಮಾಡಿದವರು ಸುಮ್ಮನಿದ್ದಿದ್ದರೆ ಕಟ್ಟಿದವನೂ ಮಾಯವಾಗುತ್ತಿದ್ದ. ಕೆರೆಯ ಚರಿತ್ರೆ ಎಂದರೆ ಒಂದು ಆರಂಭ ಮತ್ತು ಅದರ ಹಿಂದೆ ಬಂದ ದುರಸ್ತಿಗಳ ಸಾಲು. ಆ ಸಾಲು ಎಲ್ಲಿ ನಿಂತಿತೋ ಅಲ್ಲಿಗೆ ಕೆರೆಯೂ ನಿಂತಿತು.

ಹಾಗೆಂದು ನಮ್ಮ ಹಿಂದಿನವರೆಲ್ಲ ಫಲದ ಆಸೆ ಬಿಟ್ಟ ಋಷಿಗಳು ಎಂದು ಹೇಳಹೊರಟರೆ ಚರಿತ್ರೆಗೆ ಮೋಸ ಮಾಡಿದಂತೆ. ಫಲದ ಹಸಿವು ಆಗಲೂ ಇತ್ತು, ಭಯಂಕರವಾಗಿಯೇ ಇತ್ತು. 'ಕೆರೆಗೆ ಹಾರ' ಲಾವಣಿಯನ್ನು ಯಾರು ಮರೆತಾರು? ಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ. ಶಾಸ್ತ್ರ ಕೇಳಿದರೆ ಮನೆಯ ಸೊಸೆಯನ್ನೇ ಬಲಿಕೊಡಬೇಕೆಂಬ ಉತ್ತರ ಬಂತು. ಕಿರಿಯ ಸೊಸೆ ಭಾಗೀರಥಿ ಕೆರೆಗೆ ಹಾರವಾದಳು. ಇದು ಕಥೆಯಾಯಿತು, ನಿಜದಲ್ಲಿ ಹೀಗೆಲ್ಲ ನಡೆಯುತ್ತಿತ್ತೇ ಎಂದು ಕೇಳಬಹುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದುದನ್ನು ಬರೆದಿದ್ದಾನೆ. ಇರುವೆಗಳಂತೆ ಸಾವಿರಾರು ಜನ ಅಲ್ಲಿ ದುಡಿಯುತ್ತಿದ್ದರು. ಕಟ್ಟೆ ಎರಡು ಮೂರು ಸಲ ಒಡೆಯಿತು. ಆಗ ಮನುಷ್ಯರ, ಪ್ರಾಣಿಗಳ ಬಲಿ ಕೊಡಬೇಕೆಂದು ಹೇಳಲಾಯಿತು, ಮರಣದಂಡನೆಗೆ ಅರ್ಹರಾಗಿದ್ದ ಸೆರೆಯಾಳುಗಳ ತಲೆ ಕಡಿಸಲಾಯಿತು ಎನ್ನುತ್ತಾನೆ ಅವನು.

ಲಾವಣಿಯ ಗೌಡನಿಗೂ ಪಾಯೆಸ್ ಕಂಡ ಅರಸನಿಗೂ ಕೆರೆ ಒಂದು ಗುರಿ. ಗುರಿ ಮುಟ್ಟದಿದ್ದಾಗ ಏರಿಯ ಮಣ್ಣೆಲ್ಲಿ ಸಡಿಲವಿದೆ, ತೂಬಿನ ಕಲ್ಲೆಲ್ಲಿ ಜಾರಿದೆ, ನೀರಿನ ದಾರಿ ಎಲ್ಲಿ ಕಟ್ಟಿದೆ ಎಂದು ನೋಡುವುದಕ್ಕೆ ಮೊದಲು ಯಾರನ್ನು ಬಲಿ ಕೊಡಬೇಕು ಎಂಬ ಪ್ರಶ್ನೆ ಬರುತ್ತದೆ. ಬಲಿಯಾಗುವವರು ಯಾರು ಎಂಬುದೂ ಮೊದಲೇ ಗೊತ್ತಿರುತ್ತದೆ. ಮನೆಯಲ್ಲಾದರೆ ಕಿರಿಯ ಸೊಸೆ, ರಾಜ್ಯದಲ್ಲಾದರೆ ಸೆರೆಯಾಳು. ಫಲಿತಾಂಶವೊಂದೇ ಮುಖ್ಯವಾದಲ್ಲಿ ಅದರ ಬೆಲೆ ತೆರುವವರು ಬೇರೆಯವರಾಗಿರುತ್ತಾರೆ.

ಇದೇ ನೆಲದಲ್ಲಿ ಎಲ್ಲವನ್ನೂ ಲೆಕ್ಕ ಹಾಕಿ ನೋಡುವ ಇನ್ನೊಂದು ಕಣ್ಣೂ ಇತ್ತು. ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ ಇದಕ್ಕೆ ಸಾಕ್ಷಿ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳು, ಕೆರೆಗೆ ತಟ್ಟಬಹುದಾದ 6 ದೋಷಗಳು, ಎರಡರ ಪಟ್ಟಿಯೂ ಅದರಲ್ಲಿದೆ. ಕಟ್ಟೆಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ದಿಬ್ಬವಿರುವುದು ಇವೆಲ್ಲ ದೋಷಗಳು. ಕಟ್ಟಲು ಎರಡು ವರ್ಷ ಹಿಡಿಯಿತು, ದಿನಕ್ಕೆ 1000 ಆಳು, 100 ಬಂಡಿ ಎಂಬ ವಿವರವೂ ಇದೆ. ಕವಿತೆಯ ಸಂಸ್ಕೃತದಲ್ಲಿ ಬರೆದ ಕೆಲಸದ ದಿನಚರಿಯಂತಿದೆ ಅದು. ಕೆರೆ ಏಕೆ ಕೆಡುತ್ತದೆ ಎಂದು ಕೇಳಿದರೆ ದೇವರ ಕೋಪ ಎನ್ನುವುದಿಲ್ಲ, ನೆಲ ಚೌಳಿರಬಹುದು ಎನ್ನುತ್ತದೆ.

ಶರಣರ ಪರಂಪರೆಯಲ್ಲೂ ಕೆರೆಯ ಸುತ್ತ ಒಂದು ದೊಡ್ಡ ವಾಗ್ವಾದವಿದೆ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಹೆಸರಾದವನು. ಸೊಲ್ಲಾಪುರದ ಕೆರೆ ಇಂದಿಗೂ ಅವನ ನೆನಪಿನದು. ಶೂನ್ಯಸಂಪಾದನೆಯಲ್ಲಿ ಅಲ್ಲಮ ಅಲ್ಲಿಗೆ ಬಂದು, ಒಡ್ಡ ಎಂದು ಕರೆದು ಸಿದ್ಧರಾಮನನ್ನು ಕೆಣಕುತ್ತಾನೆ. ಸುತ್ತಲಿದ್ದ ಶಿಷ್ಯರಿಗೆ ಸಿಟ್ಟು ನೆತ್ತಿಗೇರುತ್ತದೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ಲೌಕಿಕ ಮತ್ತು ಆಧ್ಯಾತ್ಮದ ಮುಖಾಮುಖಿಯೆಂದು ಓದುತ್ತಾರೆ. ನನಗೆ ಅದು ಬೇರೆ ರೀತಿಯಲ್ಲೂ ಕಾಣುತ್ತದೆ. ಅಲ್ಲಮನ ಜಗಳ ಮಣ್ಣು ಹೊರುವುದರ ಜೊತೆ ಅಲ್ಲ, ಕಟ್ಟಿದೆನೆಂಬ ಹಮ್ಮಿನ ಜೊತೆ. ಕೆರೆ ಕಟ್ಟಿಸಿ ಪುಣ್ಯವನ್ನು ಗಂಟು ಕಟ್ಟಿಕೊಳ್ಳುವವನಿಗೆ, ಮಣ್ಣು ಹೊರುವವನ ಹೆಸರಿನಿಂದಲೇ ಕರೆದದ್ದು ಬೈಗುಳವಾಗಿ ಕೇಳಿಸುತ್ತದೆ. ಕೆಲಸವನ್ನೇ ನಂಬಿದವನಿಗೆ ಅದು ಬೈಗುಳವಾಗಬೇಕಿಲ್ಲ.

ಹಾಗಾದರೆ ಆ ಕೆಲಸ ಮಾಡಿದವರು ಯಾರು? ಕೆರೆಯ ದಿನನಿತ್ಯವನ್ನು ಕಾಯುತ್ತಿದ್ದವನು ನೀರಗಂಟಿ. ಹಳೆಯ ಮೈಸೂರಿನ ಹಳ್ಳಿಗಳ ಆಯಗಾರರಲ್ಲಿ ಅವನೂ ಒಬ್ಬ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನೋಡುವುದು, ಕಾಲುವೆಯಲ್ಲಿ ಕಟ್ಟಿದ ಕಸ ತೆಗೆಯುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಾದರೂ ಒಸರುತ್ತಿದೆಯೇ ಎಂದು ಪರೀಕ್ಷಿಸುವುದು ಅವನ ಕೆಲಸ. ಕೆರೆ ಅರ್ಧವೇ ತುಂಬಿದ ವರ್ಷ ಎಷ್ಟು ನೆಲಕ್ಕೆ ನಾಟಿ ಹಾಕಬಹುದೆಂದು ಊರಿನವರು ತೀರ್ಮಾನಿಸುವಾಗ ಅವನ ಅಂದಾಜು ಬೇಕಾಗುತ್ತಿತ್ತು. ಕೂಲಿ ಸಿಗುತ್ತಿದ್ದುದು ಸುಗ್ಗಿಯಲ್ಲಿ, ಕಣದಲ್ಲಿ, ಧಾನ್ಯದ ರೂಪದಲ್ಲಿ. ಕ್ಷೇತ್ರಕಾರ್ಯದಲ್ಲಿ ನಾನು ಭೇಟಿಯಾದ, ನೀರಗಂಟಿ ಮನೆತನದ ಹಿರಿಯರೊಬ್ಬರು ಕತ್ತಲಲ್ಲಿ ನೀರಿನ ಸದ್ದು ಕೇಳಿಯೇ ಕಾಲುವೆ ಎಲ್ಲಿ ಒಡೆದಿದೆ ಎಂದು ತಮ್ಮ ತಂದೆ ಹೇಳುತ್ತಿದ್ದುದನ್ನು ವಿವರಿಸಿದರು. ಈ ವಿದ್ಯೆ ಯಾವ ಶಾಸನದಲ್ಲೂ ಇಲ್ಲ, ಯಾವ ರಿಪೋರ್ಟಿನಲ್ಲೂ ಇಲ್ಲ.

ಇಲ್ಲಿ ಒಂದು ಮುಳ್ಳಿದೆ. ಅದನ್ನು ದಾಟಿ ಹೋಗುವಂತಿಲ್ಲ. ಅನೇಕ ಊರುಗಳಲ್ಲಿ ನೀರಗಂಟಿ ದಲಿತ. ಊರಿನ ಗದ್ದೆಗಳಿಗೆಲ್ಲ ನೀರು ಹಂಚುವವನಿಗೆ ಊರಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಹೂಳೆತ್ತುವ ಕೆಲಸಕ್ಕೆ ದತ್ತಿಯ ಕೂಲಿ ಇದ್ದಲ್ಲಿ ಇತ್ತು, ಇಲ್ಲದಲ್ಲಿ ಬಿಟ್ಟಿ ಹಿಡಿದು ಮಾಡಿಸುತ್ತಿದ್ದರು. ತಲೆಮಾರುಗಳ ಕಾಲ ಒಬ್ಬರು ಪ್ರಕ್ರಿಯೆಯಲ್ಲಿ ತೊಡಗಿದ್ದರು, ಇನ್ನೊಬ್ಬರು ಫಲ ಉಂಡರು. ಆದ್ದರಿಂದ ಫಲದ ಕಡೆ ನೋಡಬೇಡ, ನಿನ್ನ ಕೆಲಸ ನೀನು ಮಾಡು ಎಂಬ ಮಾತನ್ನು ಕೇಳಿದಾಗ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ತಿರುಗಿ ನೋಡಬೇಕಾಗುತ್ತದೆ. ಕಣದಲ್ಲಿ ರಾಶಿ ಅಳೆದುಕೊಂಡವನು ಏರಿಯ ಮೇಲೆ ನಿಂತವನಿಗೆ ಆ ಮಾತು ಹೇಳಿದರೆ ಅದು ಜ್ಞಾನವಲ್ಲ, ಯಜಮಾನಿಕೆ.

19ನೇ ಶತಮಾನದಲ್ಲಿ ಈ ಏರ್ಪಾಡು ಸಡಿಲವಾಗುತ್ತ ಬಂತು. ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಲು ಜಾಣ್ಮೆಯೇ ಬೇಕು ಎಂಬರ್ಥದ ಮಾತು ಬರೆದಿದ್ದ. ಅಷ್ಟು ಒತ್ತಾಗಿ ಕೆರೆಗಳಿದ್ದವು. ಪ್ರಶ್ನೆ ಇದ್ದದ್ದು ಅವನ್ನು ನೋಡಿಕೊಳ್ಳುವುದು ಯಾರು ಎಂಬುದರಲ್ಲಿ. ಇನಾಂ ಜಮೀನುಗಳ ತಪಾಸಣೆ ನಡೆದು, ಕೆರೆಯ ಸೇವೆಗೆಂದು ಬಿಟ್ಟಿದ್ದ ಕೊಡಗೆ ಭೂಮಿಗಳು ಕಂದಾಯದ ಲೆಕ್ಕಕ್ಕೆ ಬಂದವು. ಭೂಮಿಗೂ ಕೆಲಸಕ್ಕೂ ಇದ್ದ ನಂಟು ಸಡಿಲಗೊಂಡಿತು. 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳು ನದಿನೀರಿನ ಒಪ್ಪಂದ ಮಾಡಿಕೊಂಡಾಗ, ಹೊಸ ಕಾಮಗಾರಿ ಯಾವುದು, ದುರಸ್ತಿ ಯಾವುದು ಎಂಬುದಕ್ಕೇ ವ್ಯಾಖ್ಯಾನ ಬರೆದುಕೊಳ್ಳಬೇಕಾಯಿತು. ರೈತನಿಗೆ ಒಂದೇ ಆಗಿದ್ದ ಕೆಲಸ ಕಡತದಲ್ಲಿ ಎರಡಾಯಿತು.

ಸ್ವಾತಂತ್ರ್ಯದ ನಂತರ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾನೂನಿನಿಂದ ವಂಶಪಾರಂಪರ್ಯದ ಹುದ್ದೆಗಳು ಹೋದವು. ಅದು ಆಗಲೇಬೇಕಿತ್ತು. ಹುಟ್ಟಿನಿಂದ ಒಬ್ಬನನ್ನು ತೂಬಿಗೆ ಕಟ್ಟಿಹಾಕುವ ಪದ್ಧತಿ ಹೋದುದಕ್ಕೆ ಯಾರೂ ಕಣ್ಣೀರು ಹಾಕಬೇಕಿಲ್ಲ. ತಪ್ಪಾದದ್ದು ಬೇರೆ ಕಡೆ. ಹುದ್ದೆ ರದ್ದಾಯಿತು, ಕೆಲಸ ರದ್ದಾಗಲಿಲ್ಲ. ಮಳೆ ಬರುವುದು ನಿಲ್ಲಲಿಲ್ಲ, ಮಣ್ಣು ಕೂರುವುದು ನಿಲ್ಲಲಿಲ್ಲ. ಆ ಕೆಲಸವನ್ನು ಮರ್ಯಾದೆಯ ಸಂಬಳದ ಉದ್ಯೋಗವಾಗಿ ಊರೂರಿನಲ್ಲಿ ಮತ್ತೆ ನಿಲ್ಲಿಸುವ ಹೆಜ್ಜೆಯನ್ನು ನಾವು ಇಡಲಿಲ್ಲ. ಆಮೇಲೆ ಕೊಳವೆಬಾವಿ ಬಂತು. ಪ್ರತಿಯೊಬ್ಬನಿಗೂ ಅವನವನ ಹೊಲದಲ್ಲೇ ನೀರು, ಅದೂ ಸ್ವಿಚ್ ಒತ್ತಿದರೆ. ಕೆರೆಯ ಏರಿಯ ಮೇಲೆ ಜಾಲಿ ಬೆಳೆಯಿತು.

ಈಗ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ ಹೇಳುತ್ತೇವೆ. ಕೆರೆಗಳಿಗಾಗಿ ಪ್ರಾಧಿಕಾರಗಳು, ಯೋಜನೆಗಳು ಬಂದಿವೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆ ಪುನರುಜ್ಜೀವನದ ಕಾರ್ಯಕ್ರಮಗಳೂ ನಡೆಯುತ್ತವೆ. ಜೆಸಿಬಿ ಬರುತ್ತದೆ, ಕೆಲವು ವಾರದಲ್ಲಿ ದಶಕಗಳ ಹೂಳು ಟಿಪ್ಪರ್ ಹತ್ತುತ್ತದೆ, ಬೋರ್ಡು ಏಳುತ್ತದೆ, ಬಾಗಿನ ಅರ್ಪಣೆಯಾಗುತ್ತದೆ. ಇವುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತುಂಬಿದ ಕೆರೆಯ ಮುಂದೆ ನಿಂತ ಜನರ ಖುಷಿ ನಿಜವಾದದ್ದು. ನನ್ನ ಕಣ್ಣು ಹುಡುಕುವುದು ಬೋರ್ಡಿನಲ್ಲಿ ಇಲ್ಲದ ಒಂದು ಸಾಲನ್ನು. ಮುಂದಿನ ವರ್ಷದ ಹೂಳಿಗೆ ಏನು ವ್ಯವಸ್ಥೆ? ಅದಕ್ಕೆ ಯಾವ ಹಣ, ಯಾರ ಹೊಣೆ? ಕಟ್ಟಲು ದುಡ್ಡು ಸಿಗುತ್ತದೆ, ಉದ್ಘಾಟನೆಗೆ ಸಿಗುತ್ತದೆ. ಕಾಯುವುದಕ್ಕೆ ಮಾತ್ರ ತಲೆಬರಹವೇ ಇರುವುದಿಲ್ಲ.

ಬುದ್ಧಿಮಾತಿನಲ್ಲಿ ಬಿಟ್ಟುಹೋದದ್ದು ಇದೇ ಎಂದು ನನಗೆ ತೋರುತ್ತದೆ. ಪ್ರಕ್ರಿಯೆಯ ಮೇಲೆ ಗಮನವಿಡು ಎನ್ನುವಾಗ ನಾವು ಅದನ್ನು ಮನಸ್ಸಿನ ವಿಷಯ ಮಾಡಿಬಿಟ್ಟಿದ್ದೇವೆ. ಆಸೆ ಕಡಿಮೆ ಮಾಡಿಕೋ, ಆತಂಕ ಬಿಡು, ಈ ಕ್ಷಣದಲ್ಲಿರು. ಎಲ್ಲವೂ ಒಬ್ಬೊಬ್ಬರ ತಲೆಯೊಳಗೆ ನಡೆಯಬೇಕಾದ ರಿಪೇರಿ. ಬಂಡಿಯ ಶಾಸನ ಬರೆಸಿದವರು ಪ್ರಕ್ರಿಯೆಯನ್ನು ಮನಸ್ಸಿನಲ್ಲಿ ಹುಡುಕಲಿಲ್ಲ, ನೆಲದ ಮೇಲೆ ಇಟ್ಟರು. ಅದಕ್ಕೆ ಪಾಲು ತೆಗೆದಿಟ್ಟರು, ಕೋಣಕ್ಕೆ ಮೇವು ಇಟ್ಟರು. ಪ್ರಕ್ರಿಯೆಗೆ ಬೆಲೆ ಇದೆ ಎಂದು ಯಾರಾದರೂ ಹೇಳಿದರೆ ಇನ್ನು ಮುಂದೆ ಕೇಳಬೇಕಾದ ಪ್ರಶ್ನೆ ಸರಳ: ಅದಕ್ಕೆ ಏನು ಬಿಟ್ಟಿದ್ದೀರಿ?

ಈ ಪ್ರಶ್ನೆ ಕೆರೆಗೆ ಮಾತ್ರವಲ್ಲ. ನಮ್ಮ ಮನೆಗಳಲ್ಲಿ ಅಡುಗೆಮನೆಯ ಕೆಲಸ ಎಂದೂ ಮುಗಿಯುವುದಿಲ್ಲ. ಬೆಳಗ್ಗೆ ತೊಳೆದ ಪಾತ್ರೆ ಮಧ್ಯಾಹ್ನಕ್ಕೆ ಮತ್ತೆ ಬರುತ್ತದೆ, ಹೂಳಿನ ಹಾಗೆಯೇ. ಅದನ್ನು ಮಾಡುವವರ ತಾಳ್ಮೆಯನ್ನು ಹೊಗಳುತ್ತೇವೆ, ಅದಕ್ಕೆ ದಸವಂದ ತೆಗೆದಿಡುವುದಿಲ್ಲ. ರೋಗಿಯನ್ನು ನೋಡಿಕೊಳ್ಳುವವರು, ರಸ್ತೆ ಗುಡಿಸುವವರು, ಗ್ರಂಥಾಲಯದಲ್ಲಿ ಹುಳ ತಿಂದ ಪುಸ್ತಕಗಳಿಗೆ ರಟ್ಟು ಹಾಕುವವರು, ಎಲ್ಲರದೂ ಇದೇ ಕಥೆ. ಸಂಶೋಧನೆಯದೂ ಅಷ್ಟೆ. ಶಾಸನ ಸಂಪುಟಗಳ ಮೇಲೆ ಸಂಪಾದಕರ ಹೆಸರಿದೆ. ಬಿಸಿಲಲ್ಲಿ ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರ ಮೂಡಿಸಿದವರು ಯಾರೆಂದು ಓದುಗರಿಗೆ ತಿಳಿಯುವುದಿಲ್ಲ. ನನ್ನ ಇಡೀ ಅಧ್ಯಯನ ಅವರ ಕೈಗಳ ಮೇಲೆ ನಿಂತಿದೆ.

ದಾನಶಾಸನಗಳನ್ನು ಓದುವಾಗ ನಾವು ಸಂಶೋಧಕರು ಒಂದು ಭಾಗವನ್ನು ಹಾರಿಸಿ ಮುಂದೆ ಹೋಗುತ್ತೇವೆ. ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳವು. ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬಂಥವು. ಶಾಸನದಿಂದ ಶಾಸನಕ್ಕೆ ಅವೇ ಮಾತು ಬರುವುದರಿಂದ ಟಿಪ್ಪಣಿಯಲ್ಲಿ 'ರೂಢಿಯ ಶ್ಲೋಕ' ಎಂದು ಬರೆದು ಪುಟ ತಿರುಗಿಸುತ್ತೇವೆ. ಅವುಗಳ ನಡುವೆ ಮತ್ತೆ ಮತ್ತೆ ಬರುವ ಒಂದು ಶ್ಲೋಕದ ಸಾರ ಹೀಗಿದೆ. ದಾನ ಕೊಡುವುದು, ಕೊಟ್ಟ ದಾನವನ್ನು ಕಾಯುವುದು, ಈ ಎರಡರಲ್ಲಿ ಕಾಯುವುದೇ ಮೇಲು. ಕೊಟ್ಟವನಿಗೆ ಸ್ವರ್ಗ, ಕಾದವನಿಗೆ ಅಳಿವಿಲ್ಲದ ಪದವಿ.

ನೂರಾರು ಕಲ್ಲುಗಳ ಮೇಲೆ, ಶತಮಾನಗಳ ಕಾಲ, ದಾನ ಕೊಟ್ಟವರೇ ಇದನ್ನು ಬರೆಸಿದ್ದಾರೆ. ತಮ್ಮ ಹೆಸರನ್ನು ದೊಡ್ಡದಾಗಿ ಕೊರೆಸಿ, ಕೊನೆಗೆ ತಮಗಿಂತ ದೊಡ್ಡವನು ಮುಂದೆ ಬರಲಿದ್ದಾನೆ, ಅವನ ಹೆಸರು ನಮಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ರೂಢಿಯೆಂದು ನಾವು ಬಿಟ್ಟುಬಿಟ್ಟ ಸಾಲು ಇದು. ಪ್ರಬಂಧದ ಒಂದು ಅಧ್ಯಾಯವನ್ನು ಈಗ ಇದಕ್ಕೇ ಇಟ್ಟಿದ್ದೇನೆ.